ಓದಲಾಗದ ಕಾಗದ ಮತ್ತು ದೇಶದ ಭದ್ರತೆ

ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಬರಹದ ಮೂಲಕವೇ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ತಕ್ಷಣ ಬರೆದು ಕೊಡಲಾಗದ ಸಂದರ್ಭದಲ್ಲಿ, ಆತನನ್ನು ದಂಡಾಧಿಕಾರಿಯ ಮುಂದೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಕೊಟ್ಟಿರಬೇಕೆಂದೂ ಹೇಳಿತು. ಗಡಿನಾಡಿನ ಕನ್ನಡಿಗರಾದ ನಾವು ಈ ತೀರ್ಪನ್ನು ವಿಶೇಷ ಆಸ್ಥೆಯಿಂದ ಗಮನಿಸಬೇಕಾಗಿದೆ.

ಕಾರಣ ಸ್ಪಷ್ಟ. ಮಂಜೇಶ್ವರದಲ್ಲಾಗಲಿ, ತಾಳವಾಡಿಯಲ್ಲಾಗಲಿ, ಅಕ್ಕಲಕೋಟೆ, ಜತ್ತಗಳಲ್ಲಾಗಲಿ ಕಚೇರಿಯ ಕಾಗದ ನಮ್ಮ ಭಾಷೆಯಲ್ಲಿ ಬರುವುದು ಅಪರೂಪ. ಜಮೀನಿನ ನೋಟಿಸನ್ನೋ ಪಡಿತರದ ಪತ್ರವನ್ನೋ ಹಿಡಿದುಕೊಂಡು ಹಿರಿಯರು ಕನ್ನಡ ಶಾಲೆಯ ಮೇಷ್ಟರ ಬಳಿಗೆ ಬರುವುದನ್ನು ನಾವು ನಿತ್ಯ ಕಾಣುತ್ತೇವೆ. ಜಮೀನಿನ ಕಾಗದವಾದರೆ ನಾಳೆ ಓದಿಸಿಕೊಂಡರೂ ನಡೆದೀತು. ಬಂಧನದ ಕಾಗದಕ್ಕೆ ಆ ನಾಳೆ ಇಲ್ಲ. ಓದಿಕೊಡುವ ಮೇಷ್ಟರೂ ಠಾಣೆಯೊಳಗೆ ಇರುವುದಿಲ್ಲ.

ಈ ಹಕ್ಕು ಹೊಸದೇನೂ ಅಲ್ಲ. 1962ರ ಹರಿಕಿಸನ್ ಪ್ರಕರಣದಲ್ಲಿ, ಮುಂಜಾಗ್ರತಾ ಬಂಧನಕ್ಕೆ ಒಳಗಾದವರೊಬ್ಬರಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ಅವರಿಗೆ ಇಂಗ್ಲಿಷ್ ಬಾರದು. ಹಿಂದಿಯಲ್ಲಿ ಕೊಡಿರೆಂದು ಕೇಳಿದರು. ಬಾಯಿಮಾತಿನಲ್ಲಿ ಅನುವಾದಿಸಿ ಹೇಳಲಾಗಿದೆ ಎಂಬ ಸರ್ಕಾರದ ವಾದವನ್ನು ನ್ಯಾಯಾಲಯವು ಒಪ್ಪದೆ ಅವರ ಬಿಡುಗಡೆಗೆ ಆದೇಶಿಸಿತು. ಸಂವಿಧಾನದ 22(5)ನೇ ವಿಧಿಯ ಪ್ರಕಾರ ಕಾರಣ ತಿಳಿಸುವುದು ಕೇವಲ ವಿಧಿನಿಯಮದ ಪೂರೈಕೆಗಲ್ಲ, ಬಂಧಿತನು ತನ್ನ ಪರವಾಗಿ ಮನವಿ ಸಲ್ಲಿಸಲು ಸಾಧ್ಯವಾಗಲಿ ಎಂಬ ಉದ್ದೇಶದಿಂದ. ಆರೋಪವೇನೆಂದು ಅರಿಯದವನು ಉತ್ತರವನ್ನಾದರೂ ಹೇಗೆ ಕೊಟ್ಟಾನು?

ರಾಷ್ಟ್ರೀಯ ಭದ್ರತೆಯ ಕಾನೂನುಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ವಿಚಾರಣೆಯೇ ಇಲ್ಲದೆ 12 ತಿಂಗಳವರೆಗೆ ಬಂಧನದಲ್ಲಿರಿಸಬಹುದು. 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಲ್ಲಿ, ಅಂದರೆ ಯುಎಪಿಎಯಲ್ಲಿ, ಆರೋಪಪಟ್ಟಿ ಸಲ್ಲಿಸುವ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಲು ಅವಕಾಶವಿದೆ. ಅದರ 43ಡಿ(5) ಕಲಮಿನಂತೆ, ಆರೋಪವು ಮೇಲ್ನೋಟಕ್ಕೆ ನಿಜವೆಂದು ನಂಬಲು ಆಧಾರವಿದ್ದರೆ ಜಾಮೀನು ನೀಡುವಂತಿಲ್ಲ. ಕೇರಳದಿಂದ ಬಂದ ಕೆ. ಎ. ನಜೀಬ್ ಪ್ರಕರಣದಲ್ಲಿ ಆರೋಪಿಯು 5 ವರ್ಷಗಳಿಗೂ ಮಿಕ್ಕಿ ಸೆರೆಯಲ್ಲಿದ್ದರೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. ಇಂತಹ ವಿಳಂಬವಾದಾಗ ಕಾಯ್ದೆಯ ನಿರ್ಬಂಧವಿದ್ದರೂ ಸಂವಿಧಾನದತ್ತ ನ್ಯಾಯಾಲಯಗಳು ಜಾಮೀನು ನೀಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಹೇಳಿತು. ಆರೋಪವು ಅತ್ಯಂತ ಘೋರವಾದದ್ದೇ ಆಗಿತ್ತು ಎಂಬುದನ್ನು ಮರೆಯಬಾರದು. ಆದರೂ ತೀರ್ಪಿಲ್ಲದ ಸೆರೆವಾಸವು ಶಿಕ್ಷೆಯಾಗಿ ಪರಿಣಮಿಸಬಾರದು ಎಂಬ ತತ್ತ್ವ ಉಳಿಯಿತು.

2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ, ಯುಎಪಿಎ ಬಂಧನದಲ್ಲಿಯೂ ಕಾರಣಗಳನ್ನು ಲಿಖಿತವಾಗಿ ನೀಡಲೇಬೇಕೆಂದು ನ್ಯಾಯಾಲಯವು ಸಾರಿತು. ಜಾಮೀನಿನ ಬಾಗಿಲು ಇಷ್ಟು ಕಿರಿದಾಗಿರುವಾಗ ಮೊದಲ ದಿನ ಕೈಗೆ ಬರುವ ಆ ಒಂದು ಹಾಳೆಯ ಬೆಲೆ ಹೆಚ್ಚುತ್ತದೆ.

ದೇಶದ ಭದ್ರತೆ ಮುಖ್ಯವಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತವಾಗಿ ಮುಖ್ಯ. ಭಯೋತ್ಪಾದನೆಗೆ ಬಲಿಯಾದವರಿಗೂ ಬದುಕುವ ಹಕ್ಕಿತ್ತು. ಸಾರ್ವಜನಿಕ ಹಿತಕ್ಕೆ ಧಕ್ಕೆ ತರುವ ಸಂಗತಿಗಳನ್ನು ಗುಪ್ತವಾಗಿಡಲು 22(6)ನೇ ವಿಧಿಯೇ ಅವಕಾಶ ನೀಡಿದೆ. ಆದರೆ ಹೇಳಬೇಕಾದ ಕಾರಣವನ್ನು ಕನ್ನಡದಲ್ಲಿ ಹೇಳಿದರೆ ಯಾವ ಗುಟ್ಟೂ ಬಯಲಾಗುವುದಿಲ್ಲ. ಮಾತ್ರವಲ್ಲ, ಅನುವಾದಕ್ಕೆ ತಗಲುವ ಕೆಲವು ಗಂಟೆಗಳನ್ನು ಉಳಿಸಲು ಹೋಗಿ ಬಂಧನವೇ ಅಸಿಂಧುವಾದರೆ ನಷ್ಟ ತನಿಖೆಗೇ.

1976ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಎಡಿಎಂ ಜಬಲ್‌ಪುರ ಪ್ರಕರಣದ ಬಹುಮತದ ತೀರ್ಪು ಬಂಧಿತರಿಗೆ ನ್ಯಾಯಾಲಯದ ಬಾಗಿಲನ್ನೇ ಮುಚ್ಚಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ತೀರ್ಪು ತಪ್ಪೆಂದು ಸರ್ವೋಚ್ಚ ನ್ಯಾಯಾಲಯವು ತಾನೇ ಘೋಷಿಸಿದ್ದು 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ. ಒಂದು ತಪ್ಪು ತಿದ್ದಲು 41 ವರ್ಷ ಬೇಕಾಯಿತು.

ಆದುದರಿಂದ ನಾವು ಕೇಳಬೇಕಾದದ್ದು ಸರಳವಾಗಿದೆ. ಕನ್ನಡಿಗರು ನೆಲೆಸಿರುವ ಗಡಿ ತಾಲೂಕುಗಳ ಠಾಣೆಗಳಲ್ಲಿ ಬಂಧನದ ಕಾರಣಪತ್ರದ ಕನ್ನಡ ನಮೂನೆ ಇರಲಿ. ಅನುವಾದಕರ ಪಟ್ಟಿ ಸಿದ್ಧವಿರಲಿ. ಕುಂದುಕೊರತೆಯ ಅಹವಾಲನ್ನು ನಮ್ಮ ಭಾಷೆಯಲ್ಲಿ ಸಲ್ಲಿಸುವ ಹಕ್ಕು 350ನೇ ವಿಧಿಯಲ್ಲಿದೆ. ಈ ಬೇಡಿಕೆಯನ್ನೂ ಕನ್ನಡದಲ್ಲಿಯೇ ಬರೆಯೋಣ. ಓದಲಾಗದ ಕಾಗದಕ್ಕೆ ಸಹಿ ಮಾಡಬೇಕಾಗಿ ಬಂದರೆ ‘ಈ ಭಾಷೆ ನನಗೆ ತಿಳಿಯದು’ ಎಂದು ಕನ್ನಡದಲ್ಲಿ ಬರೆದೇ ಸಹಿ ಹಾಕಬೇಕೆಂಬುದನ್ನು ಮನೆಯವರಿಗೆ, ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ತಿಳಿಸಿಕೊಡೋಣ. ಪೌರನೀತಿಯ ಪಾಠದಲ್ಲಿ ಇದಕ್ಕೆ ಒಂದು ತರಗತಿ ಸಾಕು.