ಎರಡು ಹದಿನೇಳು, ಒಂದು ಗೋಡೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸುತ್ತ ಹೊಲ ಎನ್‌ಎ ಆಗಿ ಲೇಔಟ್ ಏಳಾಕತ್ಯಾವ. ಪಾರ್ಕ್ ಬಿಟ್ಟಾರೇನು, ಚರಂಡಿ ಮಾಡ್ಯಾರೇನು ಅಂತ ಕೇಳ್ತೀವಿ. ನಕ್ಷೆಯ ಅಂಚು ಮಾತ್ರ ಯಾರೂ ನೋಡಂಗಿಲ್ಲ. ನಾನು ನೋಡಿದ ಒಂದು ಲೇಔಟಿನ ರಸ್ತೆ ನಮ್ಮ ಕೇರಿ ಕಡೆ ಬಂದು ಗೋಡೆಗೆ ನಿಂತೈತಿ. ಸ್ಮಶಾನದ ಕಾಲುದಾರಿನೂ ಒಳಗ ಹೋತು. ಈಗ ಹೆಣ ಹೊತ್ತು ಸುತ್ತುಹಾಕಿ ಹೋಗಬೇಕು.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಪ್ರಕಾರ ಲೇಔಟಿಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ನಿಷೇಧಿಸಿದೆ. ಎರಡೂ ಹದಿನೇಳು ಕೂಡಿಸಿ ಓದ್ರಿ: ಪಕ್ಕದ ಕೇರಿಗೆ ದಾರಿ ಮುಚ್ಚುವ ನಕ್ಷೆಗೆ ಸಹಿ ಬೀಳಬಾರದು.

ಆರ್‌ಟಿಐ ಹಾಕಿ ನಕ್ಷೆ ತೆಗೆಸ್ರಿ, ಮೊದಲೇ ತಕರಾರು ಕೊಡ್ರಿ. ನಾನೂ ಫೈಲ್ ಹಿಡಿಯೋ ಗುಮಾಸ್ತ. ಸಹಿ ಬಿದ್ದ ಮ್ಯಾಲೆ ಗೋಡೆ ಕೆಡವೋದು ಎಷ್ಟು ಕಷ್ಟ ಅಂತ ಗೊತ್ತೈತಿ.

ಜೈ ಭೀಮ್.