ಮಹಜರಿನ ಮಣ್ಣನ್ನು ಯಾರು ಪರೀಕ್ಷಿಸುತ್ತಾರೆ?

ಬಯಲಿನಲ್ಲೋ ಹೊಲದಲ್ಲೋ ನಡೆದ ಕೊಲೆಯ ಕಡತ ಬಿಡಿಸಿದರೆ, ಸ್ಥಳ ಮಹಜರಿನಲ್ಲಿ ಎರಡು ಸಾಲು ಹೆಚ್ಚುಕಡಿಮೆ ಕಾಯಂ: ಪಂಚರ ಸಮಕ್ಷಮ ವಶಪಡಿಸಿಕೊಂಡ ರಕ್ತಮಿಶ್ರಿತ ಮಣ್ಣು ಮತ್ತು ಸಾದಾ ಮಣ್ಣು. ಎರಡನ್ನೂ ಪೊಟ್ಟಣ ಕಟ್ಟಿ, ಅರಗಿನ ಮುದ್ರೆ ಒತ್ತಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದರೆ ಎಫ್‌ಎಸ್‌ಎಲ್‌ಗೆ ಕಳುಹಿಸುತ್ತಾರೆ. ವಾಪಸ್ ಬರುವ ವರದಿ ಸಾಮಾನ್ಯವಾಗಿ ರಕ್ತಕ್ಕೆ ಸಂಬಂಧಿಸಿದ್ದು: ಅದು ಮನುಷ್ಯನದೇ, ಯಾವ ಗುಂಪಿನದು? ಮಣ್ಣಿನ ಬಗ್ಗೆ ಒಂದು ಮಾತಿದ್ದರೆ ಅದೇ ಹೆಚ್ಚು. ಆರೋಪಿಯ ಚಪ್ಪಲಿ, ಬೈಕಿನ ಮಡ್‌ಗಾರ್ಡ್, ಹಾರೆ, ಗುದ್ದಲಿಗೆ ಅಂಟಿದ ಮಣ್ಣನ್ನು ಆ ಸಾದಾ ಮಣ್ಣಿನ ಜತೆ ಇಟ್ಟು ನೋಡಬೇಕೆಂಬ ಯೋಚನೆ ನಮ್ಮ ತನಿಖೆಯಲ್ಲಿ ಬೇರೂರಿಲ್ಲ.

ಯೋಚನೆಯೇನೂ ಹೊಸದಲ್ಲ. 1908ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಮಹಿಳೆಯೊಬ್ಬರ ಕೊಲೆಯಾದಾಗ ಫ್ರಾಂಕ್‌ಫರ್ಟ್‌ನ ರಸಾಯನತಜ್ಞ ಗಿಯೋರ್ಗ್ ಪಾಪ್ ಶಂಕಿತನ ಬೂಟನ್ನು ಕೈಗೆತ್ತಿಕೊಂಡರು. ಕೊಲೆಯ ಹಿಂದಿನ ರಾತ್ರಿಯಷ್ಟೇ ಹೆಂಡತಿ ಅದನ್ನು ಒರೆಸಿಟ್ಟಿದ್ದಳು. ಹಾಗಾಗಿ ಅಟ್ಟೆಗೆ ಮೆತ್ತಿದ್ದೆಲ್ಲ ಮಾರನೆಯ ದಿನದ್ದೇ. ಪಾಪ್ ಅದನ್ನು ಪದರ ಪದರವಾಗಿ ಬಿಡಿಸಿದರು. ಚರ್ಮಕ್ಕೆ ತಾಗಿದಂತೆ ಹೆಬ್ಬಾತಿನ ಹಿಕ್ಕೆ. ಅದು ಅವನ ಮನೆಯಂಗಳದ್ದು. ಅದರ ಮೇಲೆ ಹುಲ್ಲು, ಆಮೇಲೆ ಶವ ಬಿದ್ದಿದ್ದ ಜಾಗದ ಕೆಂಪು ಮರಳುಗಲ್ಲಿನ ಪುಡಿ. ಎಲ್ಲಕ್ಕಿಂತ ಮೇಲೆ ಕಲ್ಲಿದ್ದಲು, ಇಟ್ಟಿಗೆ, ಸಿಮೆಂಟಿನ ಚೂರು. ಅವನ ಬಂದೂಕು ಸಿಕ್ಕಿದ ಪಾಳುಕೋಟೆಯಲ್ಲಿ ಇದ್ದದ್ದೂ ಅವೇ. ತಾನು ಅಡ್ಡಾಡಿದ್ದು ತನ್ನ ಹೊಲದಲ್ಲಿ ಮಾತ್ರ ಎಂದಿದ್ದ ಅವನು. ಹೊಲದ ಮಣ್ಣಿನಲ್ಲಿದ್ದ ಬೆಣಚುಕಲ್ಲಿನ ಕಣ ಬೂಟಿನಲ್ಲಿ ಇರಲೇ ಇಲ್ಲ.

ಈ ಕೊನೆಯ ಅಂಶವೇ ನನಗೆ ಮುಖ್ಯ. 'ಇದು ಅಲ್ಲಿಯದೇ ಮಣ್ಣು' ಎಂದು ಬೆರಳಚ್ಚಿನಷ್ಟು ಗಟ್ಟಿಯಾಗಿ ಹೇಳುವುದು ಕಷ್ಟ. ಅಂಥದೇ ಮಣ್ಣು ಹತ್ತು ಮೈಲಿ ಆಚೆಯೂ ಇರಬಹುದು. ಆದರೆ 'ಇದು ಅಲ್ಲಿಯದಲ್ಲ' ಎಂಬುದನ್ನು ಬಣ್ಣ, ಕಣದ ಗಾತ್ರ, ಖನಿಜ, ಪರಾಗ ನೋಡಿ ಬಹಳ ವಿಶ್ವಾಸದಿಂದ ಹೇಳಬಹುದು. ಹೀಗಾಗಿ ಭೂವಿಜ್ಞಾನ ಆರೋಪಿಯ ಕಥೆಯನ್ನಷ್ಟೇ ಅಲ್ಲ, ಪೊಲೀಸರ ಕಥೆಯನ್ನೂ ಒರೆಗೆ ಹಚ್ಚುತ್ತದೆ.

ಮೆಕ್ಸಿಕೊದಲ್ಲಿ 1985ರಲ್ಲಿ ಆದದ್ದು ಇದೇ. ಅಮೆರಿಕದ ಮಾದಕವಸ್ತು ನಿಗ್ರಹ ಏಜೆಂಟ್ ಎನ್ರಿಕೆ ಕಮರೇನಾ ಫೆಬ್ರುವರಿಯಲ್ಲಿ ಗ್ವಾಡಲಹಾರದಿಂದ ಅಪಹರಣವಾದರು. ಮಾರ್ಚ್‌ನಲ್ಲಿ ಶವ ಸಿಕ್ಕಿದ್ದು ಪಕ್ಕದ ಮಿಚೊಆಕಾನ್ ರಾಜ್ಯದ ತೋಟದ ಮನೆಯೊಂದರ ಬಳಿ. ಮೆಕ್ಸಿಕೊದ ಪೊಲೀಸರು ಆ ಮನೆಯ ಮೇಲೆ ದಾಳಿ ಮಾಡಿ, ಮನೆಯವರನ್ನು ಕೊಂದು, ಅಪರಾಧಿಗಳು ಅವರೇ ಎಂದುಬಿಟ್ಟಿದ್ದರು. ಎಫ್‌ಬಿಐ ಪ್ರಯೋಗಾಲಯ ಶವಕ್ಕೆ ಅಂಟಿದ್ದ ಮಣ್ಣನ್ನು ನೋಡಿತು. ಅದರಲ್ಲಿದ್ದದ್ದು ಜ್ವಾಲಾಮುಖಿಯ ಗಾಜುಕಣ, ಬೂದಿ. ತೋಟದ ಮನೆಯ ಮಣ್ಣಿಗೂ ಅದಕ್ಕೂ ತಾಳಮೇಳವಿಲ್ಲ. ಹುಡುಕುತ್ತ ಹೋದರೆ ಹೊಂದಿದ್ದು ಗ್ವಾಡಲಹಾರ ಸಮೀಪದ ಪ್ರಿಮವೇರಾ ಅರಣ್ಯದ ನೆಲಕ್ಕೆ. ಶವವನ್ನು ಮೊದಲು ಹೂತಿದ್ದು ಅಲ್ಲಿ, ಆಮೇಲೆ ತೆಗೆದು ತಂದು ಇಲ್ಲಿ ಹಾಕಿದ್ದರು.

ನಮ್ಮಲ್ಲಿ ಇದರ ಅಗತ್ಯ ಎಲ್ಲಿದೆ ಎಂದು ಕೇಳುವವರು ರಿಕವರಿ ಮಹಜರುಗಳನ್ನು ಓದಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನೊಳಗೆ ಸೇರಿದೆ. ಅದರಡಿ, ಆರೋಪಿ ತೋರಿಸಿಕೊಟ್ಟ ಜಾಗದಲ್ಲಿ ಮಚ್ಚು ಸಿಕ್ಕಿತು ಎಂಬುದು ಎಷ್ಟೋ ಪ್ರಕರಣಗಳ ಬೆನ್ನೆಲುಬು. ವಿಚಾರಣೆಗೆ ಬಂದಾಗ ಪಂಚರು 'ಸಹಿ ಹಾಕಿಸಿಕೊಂಡಿದ್ದು ಠಾಣೆಯಲ್ಲಿ' ಎಂದು ತಿರುಗಿಬೀಳುತ್ತಾರೆ. ಮಚ್ಚನ್ನು ನೆಲದಲ್ಲಿ ಹೂತಿಟ್ಟಿದ್ದು ನಿಜವಾದರೆ ಹಿಡಿಯ ಸಂದಿಯಲ್ಲಿ ಆ ಗುಂಡಿಯ ಮಣ್ಣು ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿ ಬೇರೆಯದೇ ಮಣ್ಣು ಕಂಡರೆ ತನಿಖಾಧಿಕಾರಿ ಉತ್ತರ ಕೊಡಬೇಕಾಗುತ್ತದೆ. ಬಹುಶಃ ಮಣ್ಣಿನ ಪರೀಕ್ಷೆಗೆ ಇಲ್ಲಿ ಉತ್ಸಾಹ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ.

ಕಾನೂನಿನ ಬಾಗಿಲು ಈಗ ತೆರೆದಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಸೆಕ್ಷನ್ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ರಾಜ್ಯಗಳಿಗೆ ಸಿದ್ಧತೆಗೆ ಐದು ವರ್ಷದ ಅವಕಾಶವಿದೆ. ಆದರೆ ಹೋದ ತಜ್ಞರು ರಕ್ತ, ಬೆರಳಚ್ಚು, ಡಿಎನ್‌ಎಗಷ್ಟೇ ತಲೆ ಕೆಡಿಸಿಕೊಂಡರೆ ಮಣ್ಣು ಮತ್ತೆ ಬರೀ ಪೊಟ್ಟಣವಾಗಿ ಉಳಿಯುತ್ತದೆ. ಒಂದೇ ಹಿಡಿ ಸಾದಾ ಮಣ್ಣು ಸಾಲದು. ಸುತ್ತಲಿನ ಹಲವು ಕಡೆಯಿಂದ, ಓಡಾಡಿದ ದಾರಿಯಿಂದ, ಆರೋಪಿ ತಾನಿದ್ದೆ ಎನ್ನುವ ಜಾಗದಿಂದಲೂ ಮಾದರಿ ಬೇಕು. ಮಳೆ ಬಿದ್ದ ಮೇಲೆ ಹೋಗಿ ಪ್ರಯೋಜನವಿಲ್ಲ.

ತೊಡಕುಗಳೂ ಉಂಟು. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ನೆಲವೇ ಸ್ಥಳೀಯವಲ್ಲ: ಲಾರಿಯಲ್ಲಿ ಬಂದ ತುಂಬುಮಣ್ಣು, ಎಂ ಸ್ಯಾಂಡ್, ಕಟ್ಟಡದ ಅವಶೇಷ. ಅಲ್ಲಿ ಭೂವಿಜ್ಞಾನದ ನಕ್ಷೆ ನಂಬಿದರೆ ಕೆಟ್ಟಂತೆ. ಉತ್ತರ ಕರ್ನಾಟಕದ ಎರೆಭೂಮಿ, ಹಳೆ ಮೈಸೂರಿನ ಕೆಮ್ಮಣ್ಣು, ಕರಾವಳಿಯ ಜಂಬಿಟ್ಟಿಗೆ ನೆಲದ ನಡುವಿನ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದಾದರೂ, ಅಕ್ಕಪಕ್ಕದ ಎರಡು ಹೊಲಗಳನ್ನು ಬೇರ್ಪಡಿಸಲು ಸೂಕ್ಷ್ಮದರ್ಶಕದ ಮುಂದೆ ಕೂರಬಲ್ಲ ಖನಿಜತಜ್ಞರೇ ಬೇಕು. ಅಂಥವರಿಗೆ ಇಲ್ಲಿ ಬರವಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲಿದೆ. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಬ್ಯೂರೊದ ಪ್ರಾದೇಶಿಕ ಕೇಂದ್ರ ಹೆಬ್ಬಾಳದಲ್ಲಿದೆ. ಈ ಸಂಸ್ಥೆಗಳ ತಜ್ಞರನ್ನು ಪೊಲೀಸ್ ತನಿಖೆಗೆ ಕರೆಸಿಕೊಳ್ಳುವ ಕ್ರಮ ರೂಢಿಯಾಗಬೇಕು. ಪ್ರಯೋಗಾಲಯವೂ ಪೊಲೀಸರೂ ಒಂದೇ ಗೃಹ ಇಲಾಖೆಯಡಿ ಇರುವಾಗ ಹೊರಗಿನ ತಜ್ಞರ ಮಾತಿಗೆ ನ್ಯಾಯಾಲಯದಲ್ಲಿ ತೂಕವೂ ಹೆಚ್ಚು.

ಇಲಾಖೆ ಮುಂದಾಗದಿದ್ದರೆ ಆರೋಪಿ ಪರ ವಕೀಲರೇ ಶುರುಮಾಡಬಹುದು. ತನಿಖಾಧಿಕಾರಿ ಕಟಕಟೆ ಹತ್ತಿದಾಗ ಪಾಟೀಸವಾಲಿನಲ್ಲಿ ಕೇಳಬೇಕಾದದ್ದು ಇಷ್ಟೇ: ಮಚ್ಚಿನ ಮೇಲಿದ್ದ ಮಣ್ಣನ್ನೂ ಗುಂಡಿಯ ಮಣ್ಣನ್ನೂ ಹೋಲಿಕೆಗೆ ಕಳುಹಿಸಿದಿರಾ, ಇಲ್ಲವಾದರೆ ಏಕೆ?