ಮುಖವಾಡದ ಹಿಂದಿನ ತಾಯಿ

ಅಕ್ಟೋಬರ್ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಅಂಗಡಿಗಳಲ್ಲಿ ಬಿಳಿಯ ಹಾಕಿ ಮುಖವಾಡಗಳು ತೂಗಾಡತೊಡಗುತ್ತವೆ. ‘ಫ್ರೈಡೇ ದ ಥರ್ಟೀನ್ತ್’ ಚಿತ್ರಸರಣಿಯ ಕೊಲೆಗಾರ ಜೇಸನ್‌ನ ಗುರುತು ಅದು. ಫ್ರೀಮಾಂಟ್, ಸನ್ನಿವೇಲ್‌ಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅವನು ಚಿರಪರಿಚಿತ; ಊರಿನಿಂದ ಬಂದ ಅಜ್ಜ-ಅಜ್ಜಿಯರಿಗೆ ಇದೆಂಥ ಹಬ್ಬವೆಂಬ ಬೆರಗು. ರಕ್ತಪಾತದ ಅಗ್ಗದ ಚಿತ್ರಗಳೆಂದು ಇವನ್ನು ತಳ್ಳಿಹಾಕುವುದು ಸುಲಭ. ಆದರೆ ಸರಣಿಯ ಎರಡನೆಯ ಭಾಗವನ್ನು ಇಲ್ಲಿ ಮಕ್ಕಳನ್ನು ಸಾಕುವವರು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ.

1980ರ ಮೊದಲ ಚಿತ್ರದಲ್ಲಿ ಕೊಲ್ಲುವವನು ಜೇಸನ್ ಅಲ್ಲ, ಅವನ ತಾಯಿ. ಆಕೆ ಬೇಸಿಗೆ ಶಿಬಿರವೊಂದರ ಅಡುಗೆಯವಳು. ನೋಡಿಕೊಳ್ಳಬೇಕಾದ ತರುಣರು ಮೈಮರೆತಾಗ ಮಗ ಸರೋವರದ ಪಾಲಾದನೆಂಬ ಸಂಕಟವೇ ಅವಳ ಕೈಗೆ ಕತ್ತಿಯನ್ನಿತ್ತಿತು. ಸುಮಾರು 5.5 ಲಕ್ಷ ಡಾಲರ್ ವೆಚ್ಚದ ಆ ಚಿತ್ರ ಅಮೆರಿಕದಲ್ಲಿ 4 ಕೋಟಿ ಡಾಲರ್‌ನಷ್ಟು ಗಳಿಸಿದ ಮೇಲೆ ಮುಂದುವರಿಕೆ ಅನಿವಾರ್ಯವಾಯಿತು. ಮರುವರ್ಷ ಸ್ಟೀವ್ ಮೈನರ್ ನಿರ್ದೇಶಿಸಿದ ಎರಡನೆಯ ಭಾಗದಲ್ಲಿ, ಸತ್ತನೆಂದುಕೊಂಡಿದ್ದ ಮಗನೇ ಕೊಲೆಗಾರ. ಅವನ ತಲೆಯ ಮೇಲಿರುವುದು ಬರಿಯ ಬಟ್ಟೆಯ ಚೀಲ. ಹಾಕಿ ಮುಖವಾಡ ಬಂದದ್ದು 1982ರ ಮೂರನೆಯ ಭಾಗದಲ್ಲಿ.

ಎರಡನೆಯ ಭಾಗದ ನಾಯಕಿ ಜಿನ್ನಿ ಮಕ್ಕಳ ಮನಶ್ಶಾಸ್ತ್ರದ ವಿದ್ಯಾರ್ಥಿನಿ. ತಾಯಿಯ ಸಾವನ್ನು ಕಂಡ ಆ ಹುಡುಗನ ಮನಸ್ಸು ಹೇಗಿದ್ದೀತೆಂದು ಅವಳು ಕೇಳುತ್ತಾಳೆ, ಗೆಳೆಯರು ನಗುತ್ತಾರೆ. ಕೊನೆಯಲ್ಲಿ ಅವಳು ಆ ತಾಯಿಯ ಸ್ವೆಟರ್ ತೊಟ್ಟು, ತಾಯಿಯಂತೆಯೇ ಮಾತನಾಡಿದಾಗ ಜೇಸನ್ ಕ್ಷಣಕಾಲ ಮಗುವಾಗಿ ನಿಲ್ಲುತ್ತಾನೆ. ಕೊಲೆಗಾರನೂ ಒಬ್ಬಳ ಮಗನೆಂಬ ನೆನಪು ಕಥೆಯನ್ನೇ ತಿರುಗಿಸುವುದು ಇಲ್ಲಿ. ಮುಂದಿನ ಭಾಗಗಳಲ್ಲಿ ಮುಖವಾಡ ದೊಡ್ಡದಾಯಿತು, ತಾಯಿ ಮಸುಕಾದಳು. ಮಾರಾಟಕ್ಕೆ ಸಿಕ್ಕಿದ್ದು ಮುಖವಾಡವೇ.

ಈ ಕಥೆಯ ಬೇರಿನಲ್ಲಿರುವ ಭಯ ನಮಗೆ ಹೊರಗಿನದಲ್ಲ. ಬೇಸಿಗೆಯಲ್ಲಿ ಇಲ್ಲಿನ ಶಾಲೆಗಳಿಗೆ ಎರಡು ತಿಂಗಳಿಗೂ ಮಿಕ್ಕ ರಜೆ. ಗಂಡ-ಹೆಂಡಿರಿಬ್ಬರೂ ದುಡಿಯುವ ಮನೆಗಳ ಮಕ್ಕಳು ಶಿಬಿರಗಳಿಗೆ ಹೋಗುತ್ತಾರೆ; ಅಲ್ಲಿ ಅವರನ್ನು ಕಾಯುವವರಲ್ಲಿ ಹಲವರು ಹದಿಹರೆಯ ದಾಟಿಲ್ಲದವರು. ಪಕ್ಕದ ಮನೆಯಲ್ಲಿ ಚಿಕ್ಕಮ್ಮನಿಲ್ಲ, ಜಗಲಿಯಲ್ಲಿ ಅಜ್ಜನಿಲ್ಲ. ವಲಸೆ ಬರಲೆಣಿಸುವವರು ಸಂಬಳದೊಡನೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಜುಕೊಳದ ಬಳಿ ಎಷ್ಟು ಮಕ್ಕಳಿಗೆ ಎಷ್ಟು ಮಂದಿ ಕಾವಲೆಂದು ಸಂಕೋಚವಿಲ್ಲದೆ ಕೇಳಬೇಕು.

ಈ ಚಿತ್ರಗಳು ಎಳೆಯರಿಗಲ್ಲ, ನಿಜ. ಆದರೆ ಮುಖವಾಡ ಬೇಕೆಂದು ಹಟ ಹಿಡಿಯುವ ಮಗುವಿಗೆ, ಅದರ ಹಿಂದೆ ನೀರಿಗೆ ಬಿದ್ದ ಹುಡುಗನೂ ಅವನನ್ನು ಕಳೆದುಕೊಂಡ ತಾಯಿಯೂ ಇದ್ದಾರೆಂದು ಹೇಳಬಹುದು. ಬೈಗುಳಕ್ಕಿಂತ ಅದು ಆಳಕ್ಕೆ ಇಳಿಯುತ್ತದೆ.